ಹಸಿರು ಅಂಗಿಯನ್ನು ಒಗೆಯಬೇಡ

ಏ ಗೊರಕೆರಾಣಿ,

ಮೂರು ಸಲ ಅಲ್ಲಾಡಿಸಿದೆ. ನೀನು ಮಗ್ಗುಲು ಬದಲಿಸಿ ಮತ್ತೆ ಗೊರಕೆ ಹೊಡೆದೆ. ಕಾಲೇಜಿಗೆ ಹೊರಟಿದ್ದೇನೆ, ಬಸ್ಸಿಗೆ ಇನ್ನು ಇಪ್ಪತ್ತೇ ನಿಮಿಷ, ಅದಕ್ಕೇ ಬರೆದಿಡುತ್ತಿದ್ದೇನೆ.

ಕೊಟ್ಟಿಗೆಯ ಮೊಳೆಗೆ ನನ್ನ ಹಸಿರು ಅಂಗಿ ನೇತುಹಾಕಿದ್ದೇನೆ. ಹಾಲು ಕರೆಯುವಾಗ ಅದನ್ನೇ ಹಾಕಿಕೋ. ನನ್ನ ವಾಸನೆ ಬರದಿದ್ದರೆ ಆ ಜಂಭಗಾತಿ ಹಸು ಕೆಚ್ಚಲು ಮುಟ್ಟಗೊಡುವುದಿಲ್ಲ. ನಾತ ಅಂತ ಮೂಗು ಮುರಿದು ಅಂಗಿಯನ್ನು ಸೋಪಿನಲ್ಲಿ ಅದ್ದಿದೆಯೋ, ಮೊದಲ ಒದೆ ನಿನಗೇ. ಹತ್ತು ದಿನದಲ್ಲಿ ಅದಕ್ಕೆ ನಿನ್ನ ಬೆವರೂ ಹತ್ತುತ್ತದೆ, ಆಮೇಲೆ ಅವಳು ನಿನ್ನವಳು. ಕೈ ತಣ್ಣಗಿದ್ದರೆ ಉಜ್ಜಿಕೋ. ಹಾಡಬೇಡ, ನಿನ್ನ ಹಾಡಿಗೆ ಹಾಲು ಒಡೆದೀತು. ಹೇಗಾದರೂ ಮಾಡಿ ಕರೆ ಕಣೇ, ಇಲ್ಲದಿದ್ದರೆ ಅಪ್ಪ ನನ್ನನ್ನು ಕಾಲೇಜಿನಿಂದ ವಾಪಸ್ ಕರೆಸಿಯಾನು.

ನನ್ನ ಮಂಚ ನಿನಗೆ. ಕಾದಂಬರಿಗಳನ್ನು ಓದು, ಆದರೆ ಪುಟದ ಕಿವಿ ಮಡಚಿದರೆ ಬಂದು ನಿನ್ನ ಕಿವಿ ಹಿಂಡುತ್ತೇನೆ.

ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ಎರಡು ಬಸ್ಸು, ಒಂದು ರೈಲು, ಆಮೇಲೆ ಮೂರು ಅಂತಸ್ತಿನ ಗ್ರಂಥಾಲಯ! ಚಪ್ಪಲಿ ಅದಲುಬದಲು ಹಾಕಿಕೊಂಡು ಅಂಗಳವೆಲ್ಲ ಸುತ್ತಿ ಬಂದೆ, ಗೊತ್ತೇ ಆಗಲಿಲ್ಲ.

ಈಗಷ್ಟೇ ಅಪ್ಪ ಖಾಲಿ ತಂಬಿಗೆ ಹಿಡಿದು ಬಾಗಿಲಲ್ಲಿ ಬಂದು ನಿಂತ. ಹಸು ಅವನಿಗೂ ಒದ್ದಿರಬೇಕು, ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ.

"ಕಾಲೇಜಿನವರಿಗೆ ನಾನೇ ಫೋನ್ ಮಾಡ್ತೀನಿ ಮಗಳೇ. ಹಸು ತಂಗಿಗೆ ಒಗ್ಗಿಕೊಳ್ಳಲಿ, ಹದಿನೈದು ದಿನ ಇದ್ದು ಹೋಗು. ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ," ಅಂದ.

"ಇಲ್ಲಪ್ಪ, ಒಂದು ದಿನಾನೂ ಇರಲ್ಲ," ಅಂದೆ.