ಷೋಕೇಸಿನ ಹಿಂದಿನ ಗೋಡೆ

ಇವಳೇ,

ನಮ್ಮ ಷೋಕೇಸಿನ ವಿಷಯ ನಿನಗೆ ಹೇಳಲೇಬೇಕು. ಸಾಮಾನೆಲ್ಲ ಕಡಿಮೆ ಮಾಡಿ ನಡುಮನೆಯನ್ನು ‘ಮಿನಿಮಲ್’ ಮಾಡುತ್ತೇನೆಂದು ಮಗಳು ಹಟ ಹಿಡಿದಿದ್ದಳು. ಮಿನಿಮಮ್ ಎಂದರೆ ಪಾಸಾಗಲು ಬೇಕಾದ ಮಾರ್ಕು ಎಂದಷ್ಟೇ ನನಗೆ ಗೊತ್ತಿದ್ದದ್ದು. “ಅಪ್ಪಾ, ಮನೇಲಿ ಉಸಿರಾಡೋಕೆ ಜಾಗ ಬೇಕು” ಎಂದಳು. “ಇಷ್ಟು ವರ್ಷ ನಿಮ್ಮಮ್ಮ ಉಸಿರಾಡಲಿಲ್ವೇನೇ?” ಎಂದು ಗದರಿದೆ.

ಎಲ್ಲಿದ್ದೆ? ಹಾಂ, ಷೋಕೇಸು. ಮದುವೆಯಾದ ಹೊಸದರಲ್ಲಿ, ನಿನ್ನನ್ನು ಒಂದು ಮಾತೂ ಕೇಳದೆ ನಾನು ತಂದು ನಿಲ್ಲಿಸಿದ್ದೆನಲ್ಲ, ಅದನ್ನು ಇವತ್ತು ಬಡಗಿ ಸರಿಸಿದ. ಹಿಂದಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ನಿನ್ನ ಅಕ್ಷರ! ಕೆಳಗೆ ಎರಡು ಕುರ್ಚಿ, ನಡುವೆ ಒಂದು ದೀಪ ಬರೆದು, ಮೇಲಿನ ಖಾಲಿ ಗೋಡೆಗೆ ಬಾಣ ಎಳೆದಿದ್ದೀಯ: ‘ಇಲ್ಲಿ ಏನೂ ಬೇಡ.’

ದಿನವೂ ಅದರ ಗಾಜು ಒರೆಸುತ್ತಿದ್ದೆಯಲ್ಲ, ನಿನಗೆ ಆ ಷೋಕೇಸೆಂದರೆ ಪ್ರಾಣ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಮಗಳು ಬಗ್ಗಿ ಆ ಪೆನ್ಸಿಲ್ ಗೆರೆಗಳ ಮೇಲಿನ ಧೂಳು ಒರೆಸಿದಳು. ಬಡಗಿಗೇನು ಗೊತ್ತು, ಪಾಪ! ಮೊಳೆ ಹಿಡಿದುಕೊಂಡು ಕೇಳಿದ:

“ಯಜಮಾನ್ರೇ, ಒಳ್ಳೇ ಜಾಗ ಸಿಕ್ತು. ತೀರ್ಕೊಂಡ ಅಮ್ಮಾವ್ರ ಫೋಟೋ ಇಲ್ಲೇ ಹಾಕ್ಬಿಡ್ಲಾ?”

“ಬೇಡಪ್ಪಾ,” ಎಂದೆ. “ಇಲ್ಲಿ ಏನೂ ಬೇಡ.”