ಹದಿನೆಂಟನೆಯ ಫಾರ್ಮು

ಮಸ್ಕಿ
ಶುಕ್ರವಾರ, ತಾ. 2-2-1945
(ಸರ್ಕಾರದ ಲೆಕ್ಕದಲ್ಲಿ ಫಸಲಿ ವರ್ಷ 1354; ನನ್ನ ಲೆಕ್ಕದಲ್ಲಿ ನಿನ್ನ ಸಿಟ್ಟಿನ ನಾಲ್ಕನೆಯ ವಾರ)

ಪ್ರೀತಿಯ ತಂಗಿ ಆದಮ್ಮನಿಗೆ ಅಣ್ಣ ಮರಿಸ್ವಾಮಿಯ ಆಶೀರ್ವಾದಗಳು. ಆದರೆ ನಿನಗಿಂತ ಮೊದಲು ಸಭೆಗೆ ಎರಡು ಮಾತು.

ಮಹಾಜನಗಳೇ, ಗ್ರಂಥಪ್ರಿಯರೇ, ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ಊರುಗಳಿಂದ ಚಾಪೆ ಸಮೇತ ಬಂದು ನೆರೆದಿರುವ ರಸಿಕರೇ, ರಸಿಕರಲ್ಲದಿದ್ದರೂ ನೆರಳಿಗೆಂದು ಬಂದು ಕೂತವರೇ! ಇಂದಿನ ಉಪನ್ಯಾಸದ ವಿಷಯ, ಕಾದಂಬರಿಯನ್ನು ನಿಧಾನವಾಗಿ ಓದುವುದರ ಸುಖಗಳು. ಉಪನ್ಯಾಸಕರು ಧಾರವಾಡದಲ್ಲಿ ಕನ್ನಡ ಓದಿ ಬಿ.ಎ. ಆದವರು. ಆ ಪದವಿಯನ್ನು ಉರ್ದು ಕಚೇರಿಗಳ ಈ ಸೀಮೆಗೆ ಹೊತ್ತು ತಂದು, ಯಾರಿಗೂ ಬೇಡವಾಗಿ, ಟ್ರಂಕಿನಲ್ಲಿ ನುಸಿಗುಳಿಗೆಯ ಪಕ್ಕದಲ್ಲಿ ಮಲಗಿಸಿದವರು. ಸದ್ಯ ಇಲ್ಲಿಯ ಖಾಸಗಿ ಕನ್ನಡ ಶಾಲೆಯ ಮಾಸ್ತರರು. ವಯಸ್ಸು ನಾಲ್ವತ್ತಾರು, ತಾಳ್ಮೆ ಹಿಡಿಯಷ್ಟು, ಪ್ರಾಸದ ಚಟ ಗಾಡಿಯಷ್ಟು. ದಯವಿಟ್ಟು ಚಪ್ಪಾಳೆ ಬೇಡ. ಅವರ ಸ್ವಂತ ತಂಗಿಯೇ ಅವರ ಮೇಲೆ ಮುನಿಸಿಕೊಂಡಿದ್ದಾಳೆ.

ಹೇಗಿದ್ದೀಯವ್ವಾ? ಈ ಚಳಿಗೆ ನಿನ್ನ ಹಿಮ್ಮಡಿ ಒಡೆಯುವುದು ಚಿಕ್ಕಂದಿನಿಂದ ಇದ್ದದ್ದೇ. ನಿನ್ನ ಅತ್ತಿಗೆ ಬಸ್ಸಮ್ಮ ಕಳಿಸಿದ ಕೊಬ್ಬರಿಎಣ್ಣೆಯನ್ನು ಹಿಮ್ಮಡಿಗೆ ಹಚ್ಚುತ್ತೀಯೋ, ನಿಮ್ಮ ಅತ್ತೆಯವರ ತಲೆಗೆ ಹಚ್ಚುತ್ತೀಯೋ ದೇವರಿಗೇ ಗೊತ್ತು. ಅತ್ತೆಯವರ ಕೆಮ್ಮು ಇಳಿಯಿತೇ? ಕಫಕ್ಕೆ ಆಡುಸೋಗೆಯ ಎಲೆ ಕುದಿಸಿ ಕೊಡು. ಕುಡಿಯುವುದಿಲ್ಲ ಅಂದರೆ ನಾನು ಹೇಳಿದೆನೆಂದು ಹೇಳಬೇಡ, ಹಕೀಮರು ಹೇಳಿದರೆಂದು ಹೇಳು. ಇಲ್ಲಿ ನಾವಿಬ್ಬರೂ ನೆಟ್ಟಗಿದ್ದೇವೆ. ಅಂದರೆ ನಿನ್ನ ಅತ್ತಿಗೆ ನೆಟ್ಟಗಿದ್ದಾಳೆ, ನಾನು ಆಕೆ ಹೇಳಿದ ಕಡೆ ನಿಂತಿದ್ದೇನೆ. ಹೋದ ವಾರ ಹೊಲದಿಂದ ಜೋಳದ ಹಸಿ ತೆನೆ, ಸೀತನಿ, ತಂದಿದ್ದರು. ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಬಾಯಿಗೆ ಹಾಕಿಕೊಳ್ಳುವಾಗ ನಿನ್ನ ನೆನಪಾಯಿತು. ನೀನು ಒಂದೊಂದೇ ಕಾಳು ತಿನ್ನುತ್ತಿದ್ದೆ. ನಾನು ಮುಕ್ಕುತ್ತಿದ್ದೆ. ಕೊನೆಗೆ ನಿನ್ನ ಪಾಲಿನದಕ್ಕೂ ಕೈ ಹಾಕಿ ಅವ್ವನಿಂದ ಬೈಸಿಕೊಳ್ಳುತ್ತಿದ್ದೆ. ಈ ಸಂಗತಿಯನ್ನು ಸಭಿಕರು ದಯವಿಟ್ಟು ಮರೆಯಬೇಕು.

ನಿನ್ನ ಕಾರ್ಡು ಮುಟ್ಟಿತು. ಕಾರ್ಡಿನ ತುಂಬ ಜಾಗ ಇದ್ದರೂ ಮೂರೇ ಸಾಲು. "ಅಣ್ಣಾ, ಹದಿನೆಂಟನೇ ಫಾರ್ಮು ಇನ್ನೂ ಬಂದಿಲ್ಲ. ಅತ್ತಿ ದಿನಾ ಕೇಳಾಕತ್ತಾರ. ನೀ ಅದನ್ನ ಕಳಸೂತನಕ ನಾ ಕಾಗದಾ ಬರಿಯೂದಿಲ್ಲ." ಕ್ಷೇಮ ಇಲ್ಲ, ನಮಸ್ಕಾರ ಇಲ್ಲ, ಅತ್ತಿಗೆಯ ಹೆಸರು ಸಹ ಇಲ್ಲ. ನಾನೇ ಅಂಗಳದ ಮರಳಿನಲ್ಲಿ ಬೆರಳು ಹಿಡಿದು ತಿದ್ದಿಸಿದ ಅಕ್ಷರಗಳು ಈಗ ನನ್ನ ಮೇಲೆಯೇ ಕೋಲೆತ್ತಿ ನಿಂತಿವೆ.

ಸಭಿಕರಲ್ಲಿ ಹೊಸಬರು ಇದ್ದರೆ ಅವರಿಗಾಗಿ ಹಿಂದಿನದನ್ನು ಹೇಳುತ್ತೇನೆ, ನೀನೂ ಕೇಳು, ಯಾರ ತಪ್ಪು ಎಷ್ಟು ಎಂಬುದು ತಿಳಿಯಲಿ. ಹೋದ ಶ್ರಾವಣದಲ್ಲಿ ಸಿಂಧನೂರಿನ ನಮ್ಮ ದೊಡ್ಡಪ್ಪನ ಮಗ ಪಂಪಣ್ಣ ಧಾರವಾಡಕ್ಕೆ ಹೋದವನು ಒಂದು ಹೊಸ ಕಾದಂಬರಿ ತಂದು ಬರುವ ದಾರಿಯಲ್ಲಿ ನನ್ನ ಕೈಗಿಟ್ಟ. ಪುಸ್ತಕ ಒಂದು, ಓದುವವರು ಮೂರು ಊರಿನಲ್ಲಿ. ಯುದ್ಧದ ಕಾಲ, ಕಾಗದಕ್ಕೇ ಬರ, ಇನ್ನೊಂದು ಪ್ರತಿ ಸಿಗುವ ಮಾತಿಲ್ಲ. ಅದಕ್ಕೆ ನಾನು ಬಸ್ಸಮ್ಮನ ಈಳಿಗೆ ತಂದು ಪುಸ್ತಕದ ಬೆನ್ನಿನ ಹೊಲಿಗೆ ಬಿಚ್ಚಿದೆ. ಅಚ್ಚಿನ ಮನೆಯವರು ಹದಿನಾರು ಪುಟಕ್ಕೆ ಒಂದರಂತೆ ಕಟ್ಟು ಮಾಡಿ ಹೊಲಿಯುತ್ತಾರಲ್ಲ, ಆ ಕಟ್ಟಿಗೇ ಫಾರ್ಮು ಎನ್ನುವುದು. ಹದಿನೆಂಟು ಫಾರ್ಮು ಬಂದವು. ವಾರಕ್ಕೊಂದು ಫಾರ್ಮು ಮೊದಲು ಸಿಂಧನೂರಿಗೆ, ಪುಸ್ತಕ ಕೊಂಡವನ ಹಕ್ಕಿಗೆ. ಅಲ್ಲಿಂದ ತಿರುಗಿ ನನಗೆ. ನನ್ನದು ಮುಗಿದ ಮೇಲೆ ಲಿಂಗಸುಗೂರಿಗೆ ನಿನಗೆ. ಒಯ್ಯುವವನು ಮೋಟಾರು ಓಡಿಸುವ ರಾಜೇಸಾಬ್. ಹೀಗೆ ಒಂದು ಕಾದಂಬರಿ ಪೆಟ್ರೋಲಿಲ್ಲದೆ ಇದ್ದಲಿ ಹೊಗೆಯಿಂದ ಓಡುವ ಮೋಟಾರಿನಲ್ಲಿ ಕೂತು ಆರು ತಿಂಗಳಿಂದ ಈ ದಾರಿಯಲ್ಲಿ ಓಡಾಡುತ್ತಿದೆ.

ಮೊದಲ ಕಾಟ ಪಂಪಣ್ಣನದು. ಅವನು ಓದುವುದಿಲ್ಲ, ಪುಟಗಳ ಮೇಲೆ ಹಾದು ಹೋಗುತ್ತಾನೆ. ಹೋಗುವಾಗ ಸುಮ್ಮನೆಯಾದರೂ ಹೋಗಬೇಕಲ್ಲ, ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುತ್ತಾನೆ. "ಇವ ಕಳ್ಳ." "ಇವಳ ಗಂಡ ಮುಂದಿನ ಪುಟದಾಗ ಸಾಯತಾನ." ನೀನು ಓದುವ ಮೊದಲು ಪ್ರತಿಯೊಂದು ಪುಟವನ್ನೂ ರಬ್ಬರಿನಿಂದ ಉಜ್ಜಿ ಉಜ್ಜಿ ನನ್ನ ಹೆಬ್ಬೆರಳು ಸವೆದಿದೆ. ಅವನ ಮೇಲೆ ಒಂದು ಪದ್ಯವನ್ನೇ ಕಟ್ಟಿ ಕಳಿಸಿದೆ:

ಸಿಂಧನೂರಿನ ಪಂಪಣ್ಣ
ಓದಿಗೆ ಕೂತರೆ ಮೋಟರಣ್ಣ,
ಪುಟಕ್ಕೆ ಒಂದೇ ನೋಟಣ್ಣ,
ಪೆನ್ಸಿಲ್ ಗೀಚೇ ಊಟಣ್ಣ.

ಅವನು ಆ ಪದ್ಯದ ಅಂಚಿನಲ್ಲೂ "ಸುಮಾರು" ಎಂದು ಗೀಚಿ ತಿರುಗಿ ಕಳಿಸಿದ.

ಎರಡನೆಯ ಕಾಟ ರಾಜೇಸಾಬನದು. ಅವನು ಕಲಿತದ್ದು ಉರ್ದು, ಕನ್ನಡ ಓದಲು ಬಾರದು. ಆದ್ದರಿಂದ ಫಾರ್ಮು ಕೈಗೆ ಕೊಡುವಾಗ ಕಥೆಯನ್ನೂ ಕೊಡಬೇಕು, ಇಲ್ಲದಿದ್ದರೆ ಮೋಟಾರಿನಲ್ಲಿ ಜಾಗ ಇಲ್ಲ ಅನ್ನುತ್ತಾನೆ. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಮನುಷ್ಯನೂ ಅಲ್ಲ. ಈಗ ಇಡೀ ಮೋಟಾರಿನ ಜನಕ್ಕೆ ಕಾದಂಬರಿಯ ನಾಯಕಿ ಗೌರಾಂಬೆ ಮನೆಮಗಳಾಗಿದ್ದಾಳೆ. ಮೊನ್ನೆ ಶಾಲೆಯ ಮುಂದೆ ಗಾಡಿ ನಿಲ್ಲಿಸಿ, ಇಂಜಿನು ಬಂದ್ ಮಾಡದೆ, ಕಿಟಕಿಯಿಂದ ತಲೆ ಹಾಕಿ ಕೇಳಿದ. "ಮಾಸ್ತರ, ಆ ಬಾಯಿ, ನಿಮ್ಮ ಗೌರಾಂಬೆ, ಮನಿ ಬಿಟ್ಟು ಹೋದ್ಲಾ, ಇಲ್ಲಾ? ಬಳಗಾನೂರ ಮಂದಿ ನನ್ನ ಜೀವಾ ತಿನ್ನಾಕತ್ತಾರ್ರೀ." ನಾನು ಇನ್ನೂ ಓದುತ್ತಿದ್ದೇನೆ ಎಂದೆ. ಅವನು ನನ್ನನ್ನು ನೋಡಿದ ನೋಟಕ್ಕೆ ನನ್ನ ಪದವಿ ಟ್ರಂಕಿನೊಳಗೇ ಮಗ್ಗುಲಾಗಿರಬೇಕು.

ಇವರೆಲ್ಲರಿಗೂ ಒಂದೇ ಅವಸರ, ಮುಂದೆ ಏನಾಯಿತು. ಏನಾಯಿತು ಎಂಬುದಕ್ಕೆ ಕಾದಂಬರಿ ಯಾಕೆ ಬೇಕು ಆದಮ್ಮಾ, ಒಂದು ತಾರು ಕೊಟ್ಟರೆ ಸಾಕಲ್ಲ? ನಾನು ಓದುವ ರೀತಿ ಬೇರೆ. ಬಸ್ಸಮ್ಮ ರೊಟ್ಟಿ ಬಡಿಯುವಾಗ ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಗಟ್ಟಿಯಾಗಿ ಓದುತ್ತೇನೆ. ಒಂದು ರೊಟ್ಟಿಗೆ ಒಂದು ವಾಕ್ಯ. ರೊಟ್ಟಿ ಹಂಚಿನ ಮೇಲೆ ಬಿದ್ದ ಮೇಲೆಯೇ ಮುಂದಿನ ವಾಕ್ಯ. ಆಕೆ ಮೊದಮೊದಲು ಗೊಣಗುತ್ತಿದ್ದಳು, ಈಗ ವಾಕ್ಯ ಚೆನ್ನಾಗಿದ್ದರೆ ಹಿಟ್ಟಿನ ಕೈಯನ್ನು ಹಾಗೇ ನಿಲ್ಲಿಸುತ್ತಾಳೆ, ಹಂಚಿನ ಮೇಲಿನದು ಸೀದು ಹೋಗುತ್ತದೆ. ಯಾವ ವಾಕ್ಯ ಎಷ್ಟು ಒಳ್ಳೆಯದೆಂದು ನಮ್ಮ ಮನೆಯಲ್ಲಿ ಸೀದ ರೊಟ್ಟಿಯಿಂದ ಹೇಳಬಹುದು.

ನಾಲ್ಕನೆಯ ಫಾರ್ಮಿನ ಆ ಸಾಲಿಗೆ ಎರಡು ರೊಟ್ಟಿ ಹೋದವು. "ನೀರು ಕುದಿಯುವ ತನಕ ಗೌರಾಂಬೆ ನೀರನ್ನೇ ನೋಡಿದಳು, ಕುದಿಯತೊಡಗಿದ ಮೇಲೆ ಯಾಕೆ ಇಟ್ಟಿದ್ದೆನೆಂಬುದು ಅವಳಿಗೆ ನೆನಪಾಗಲಿಲ್ಲ." ಗಂಡ ತೀರಿದ ಮೇಲಿನ ಅವಳ ಸ್ಥಿತಿಯನ್ನು ಲೇಖಕ ಬೇರೆ ಏನನ್ನೂ ಹೇಳದೆ ಒಂದು ಪಾತ್ರೆ ನೀರಿನಲ್ಲಿ ಹೇಳಿ ಮುಗಿಸಿದ. ಪಂಪಣ್ಣ ಅಲ್ಲಿ ಏನೂ ಗೀಚಿರಲಿಲ್ಲ, ಅವನು ಆ ಸಾಲನ್ನು ಕಂಡೇ ಇರಲಿಲ್ಲ. ನೀನು ಕಂಡೆ. ನಿನ್ನ ಮನೆಯಲ್ಲೂ ಅದೇ ಕೆಡುಕು ನಡೆದು ಹತ್ತು ತಿಂಗಳಾಗಿತ್ತು. ನಾನು ಬರೆದ ಹದಿಮೂರು ಕಾಗದಕ್ಕೆ ನೀನು ಒಂದು ಅಕ್ಷರ ಉತ್ತರ ಬರೆದಿರಲಿಲ್ಲ. ನಾನೇ ಬಂದು ಎದುರಿಗೆ ಕೂತರೂ ಬಾಯಿ ಬಿಟ್ಟಿರಲಿಲ್ಲ. ಆ ಫಾರ್ಮು ತಿರುಗಿ ಬಂದಾಗ ಒಳಗೆ ಚೀಟಿ ಇತ್ತು. "ಅಣ್ಣಾ, ನೀರಿಟ್ಟು ಮರಿಯೂದು ನನಗೂ ಆಗತೈತಿ. ಅದು ಬರಿಯುವಂಥಾ ಸಂಗತಿ ಅಂತ ಗೊತ್ತಿರಲಿಲ್ಲ." ಅದನ್ನು ನಾನು ಎಷ್ಟು ನಿಧಾನವಾಗಿ ಓದಿದೆನೆಂದರೆ ಆ ದಿನ ಮನೆಯಲ್ಲಿ ರೊಟ್ಟಿಯೇ ಆಗಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಫಾರ್ಮಿನ ಜೊತೆಗೂ ನಿನ್ನ ಕಾಗದ ಬಂತು. ಒಂದೊಂದು ಕಾಗದ ಫಾರ್ಮಿಗಿಂತ ದಪ್ಪ.

ಮೂರನೆಯ ಕಾಟ, ಬೇಸರಪಡಬೇಡ, ನಿಮ್ಮ ಅತ್ತೆಯವರದು. ದೀಪಾವಳಿ ಕಳೆದ ಮೇಲೆ ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳ ವರ್ಗ ತೆರೆಯುವ ಮಾತು ಬಂತು, ಕಲಿಸಲು ಹೆಂಗಸು ಬೇಕೆಂದರು, ನಾನು ನಿನ್ನ ಹೆಸರು ಹೇಳಿದೆ. ನಿನಗೆ ಬರೆದೆ. ನೀನು ಅತ್ತೆಯವರನ್ನು ಕೇಳಿದೆ. ಅವರು ಆಗಲಿ ಎಂದರೂ ಆಗುತ್ತಿತ್ತು, ಬೇಡ ಎಂದರೂ ನಾನು ಬಂದು ಜಗಳ ಆಡುತ್ತಿದ್ದೆ. ಅವರು ಹೇಳಿದ್ದೇನು? "ಆ ಪುಸ್ತಕದಾಗಿನ ಹೆಣ್ಮಗಳೂ ನಿನ್ನಂಗ ಅದಾಳ. ಆಕಿಗೂ ಸಾಲಿಗೆ ಕರ್ಯಾಕತ್ತಾರ. ಆಕಿ ಹೊಂಟ್ರ ನೀನೂ ಹೋಗು, ಆಕಿ ಉಳದ್ರ ನೀನೂ ಉಳಿ." ಜೀವಮಾನವೆಲ್ಲ ಗುಡಿಯಲ್ಲಿ ಕೂತು ಪುರಾಣ ಕೇಳಿದವರು. ಅಚ್ಚಾದ ಕಥೆ ಎಂದರೆ ಕೊನೆಯಲ್ಲಿ ಫಲ ಹೇಳಿಯೇ ಹೇಳುತ್ತದೆ ಎಂದು ಅವರ ನಂಬಿಕೆ. ನೀನಾದರೂ ನಗಬೇಕಿತ್ತು. ಹೂಂ ಅಂದುಬಿಟ್ಟೆ! ಧಾರವಾಡದಲ್ಲಿ ಕೂತ ಯಾವನೋ ಒಬ್ಬ, ನಮ್ಮ ಯಾರ ಮುಖವನ್ನೂ ಕಾಣದವನು, ಲಿಂಗಸುಗೂರಿನ ನನ್ನ ತಂಗಿ ಏನು ಮಾಡಬೇಕೆಂದು ಹದಿನೆಂಟನೆಯ ಫಾರ್ಮಿನಲ್ಲಿ ಹೇಳಬೇಕಾಗಿ ಬಂತು. ಆ ಲೇಖಕನ ಮೇಲೆ ನನಗೊಂದು ದೊಡ್ಡ ದೂರು ಇದೆ, ಈಗ ಬೇಡ.

ಹದಿನೇಳನೆಯದರ ಕೊನೆಯ ಸಾಲು ನೆನಪಿದೆಯಲ್ಲ? "ಟ್ರಂಕಿನ ಹಿಡಿಕೆ ತಣ್ಣಗಿತ್ತು. ಗೌರಾಂಬೆ ಅದನ್ನು ಎತ್ತಿದಳು. ಇಷ್ಟು ಹಗುರವೆಂದು ಅವಳಿಗೆ ಗೊತ್ತೇ ಇರಲಿಲ್ಲ." ಪಂಪಣ್ಣ ಅದರ ಕೆಳಗೆ "ಮುಂದೆ?" ಎಂದು ಗೀಚಿದ್ದ. ಇಂಥ ಸಾಲಿನ ಕೆಳಗೆ ಕೂತು ಒಂದು ತಿಂಗಳು ಕಳೆಯಬಹುದು, ಮುಂದೆ ಏನು ಬೇಕು? ಹದಿನೆಂಟನೆಯದನ್ನು ಅವನಿಗೂ ಕಳಿಸಿಲ್ಲ. ಅವನು ದಿನಕ್ಕೊಂದು ಬೈಗುಳವನ್ನು ಮೋಟಾರಿನಲ್ಲಿ ಕಳಿಸುತ್ತಿದ್ದಾನೆ. ನಾನಿನ್ನೂ ಅದರ ಆರನೆಯ ಪುಟದಲ್ಲಿದ್ದೇನೆ, ಒಂದೊಂದೇ ಸಾಲು ಸವಿಯುತ್ತಿದ್ದೇನೆ. ಮುಗಿದ ಕೂಡಲೇ ಕಳಿಸುತ್ತೇನೆ. ಅಷ್ಟರತನಕ ತಾಳ್ಮೆ ಇರಲಿ, ಉಪನ್ಯಾಸ ಇಲ್ಲಿಗೆ ಮುಗಿಯಿತು, ಚಾಪೆ ಸುತ್ತಿಕೊಳ್ಳಿ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು, ಕೆಮ್ಮಿಗೆ ಕಷಾಯ ಹೇಳು. ಬಸ್ಸಮ್ಮ ನಿನಗೆ ರೊಟ್ಟಿಗೆಂದು ಶೇಂಗಾ ಹಿಂಡಿ, ಒಂದು ಕುಪ್ಪಸದ ಖಣ ಕಳಿಸಿದ್ದಾಳೆ. ಖಣ ಬೇಡ ಅನ್ನಬೇಡ. ಬಣ್ಣದ್ದು ತೊಡಬಾರದೆಂದು ಯಾರಾದರೂ ಅಂದರೆ ಅವರನ್ನು ನನ್ನ ಹತ್ತಿರ ಕಳಿಸು, ಉಪನ್ಯಾಸ ಕೊಡುತ್ತೇನೆ. ನಿನಗೆ ಒಳ್ಳೆಯದಾಗಲಿ, ಕಣ್ಣಿಗೆ ನಿದ್ದೆ, ಬಾಯಿಗೆ ಮಾತು ಬರುತ್ತಿರಲಿ.

ನಿನ್ನ ಅಣ್ಣ,
ಮರಿಸ್ವಾಮಿ

ತಾ.ಕ.: ರಾಜೇಸಾಬ್ ಹಾರ್ನು ಒತ್ತುತ್ತಿದ್ದಾನೆ, ಅದಕ್ಕೆ ಪ್ರಾಸವಿಲ್ಲದೆ ಬರೆಯುತ್ತೇನೆ. ಹದಿನೆಂಟನೆಯ ಫಾರ್ಮು ಈ ಕಟ್ಟಿನಲ್ಲೇ ಇದೆ, ಖಣದ ಮಡಿಕೆಯೊಳಗೆ. ಆರನೆಯ ಪುಟ ಸುಳ್ಳು. ಪುಸ್ತಕ ಬಂದ ಭಾನುವಾರವೇ, ಈಳಿಗೆ ಮುಟ್ಟಿಸುವ ಮೊದಲೇ, ಹದಿನೆಂಟೂ ಫಾರ್ಮನ್ನು ಸೀತನಿ ಮುಕ್ಕಿದ ಹಾಗೆ ಮುಕ್ಕಿದ್ದೆ. ನೀರಿನ ಸಾಲು ಆಗ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ನಿಧಾನವಾಗಿ ಓದಿದ್ದು ಎರಡನೆಯ ಸಲ, ನಿನಗೆ ಕಳಿಸಬೇಕಿತ್ತಲ್ಲ ಎಂದು.

ಗೌರಾಂಬೆ ಸಾಯುತ್ತಾಳೆ. ಹೋಗುವುದೂ ಇಲ್ಲ, ಉಳಿಯುವುದೂ ಇಲ್ಲ. ಹದಿನೇಳು ಫಾರ್ಮು ಕೈಹಿಡಿದು ನಡೆಸಿಕೊಂಡು ಬಂದವಳಿಗೆ ಕೊನೆಯ ಒಂದೂವರೆ ಪುಟದಲ್ಲಿ ಜ್ವರ ಬರಿಸಿ ಮುಗಿಸಿದ್ದಾನೆ ಆ ಪುಣ್ಯಾತ್ಮ. ಅವನಿಗೂ ಅವಸರ. ಫಾರ್ಮು ನೀರಿಗೆ ಬಿದ್ದು ಕೆಟ್ಟಿತು, ಅದಕ್ಕೆ ನಕಲು ಮಾಡಿದ್ದೇನೆ ಎಂದು ಹೇಳಿ ಬೇರೆ ಕೊನೆಯನ್ನು ಕಳಿಸುವ ವಿಚಾರ ಮಾಡಿದೆ. ಮೂರು ವಾರದಲ್ಲಿ ನಾಲ್ಕು ಸಲ ಬರೆದೆ. "ಹೊರಟಳು ಗೌರಾಂಬೆ ಹೊಸ್ತಿಲು ದಾಟಿ, ಯಾರಿದ್ದಾರೆ ಅವಳಿಗೆ ಸಾಟಿ." ಬಸ್ಸಮ್ಮ ಕೇಳಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ಇದು ನಿಮ್ಮದರೀ. ಹದಿನೇಳು ಫಾರ್ಮಿನಾಗ ಆತ ಒಂದಾದ್ರೂ ಪ್ರಾಸ ಹಾಕ್ಯಾನೇನು? ಆಕಿಗೆ ಖರೇ ಹೇಳ್ರಿ," ಅಂದಳು.

ಖರೇ ಇಷ್ಟು. ಓದಿದರೆ ಓದು, ಬಿಟ್ಟರೆ ಬಿಡು. ಓದಿದರೆ ಆ ಲೇಖಕನನ್ನು ಬಾಯಿತುಂಬ ಬೈದು ಕಾಗದ ಬರೆ. ಅತ್ತೆಯವರಿಗೆ ಮಾತ್ರ ನಿನ್ನ ಹತ್ತಿರವೇ ಉಳಿದ ಹದಿನೇಳನೆಯದರ ಕೊನೆಯನ್ನೇ ಇನ್ನೊಮ್ಮೆ ಓದಿ ಹೇಳು, ಒಂದು ರೊಟ್ಟಿಗೆ ಒಂದು ವಾಕ್ಯದಂತೆ. ಅವರನ್ನೂ ಕರೆದುಕೊಂಡು ಬಾ, ಪಡಸಾಲೆಯ ಬದಿಯ ಕೋಣೆ ಸಾರಿಸಿ ಇಟ್ಟಿದೆ. ರಾಜೇಸಾಬನಿಗೆ ನಾನು ಏನೂ ಹೇಳಿಲ್ಲ. ಆ ಬಾಯಿ ಹೋದಳೋ ಇಲ್ಲವೋ ಎಂದು ನಿನ್ನನ್ನು ಕೇಳುತ್ತಾನೆ. ನಿನ್ನ ಟ್ರಂಕನ್ನು ಮೋಟಾರಿನ ಮೇಲೆ ಹಾಕು ಅನ್ನು, ಅವನಿಗೆ ತಿಳಿಯುತ್ತದೆ.

ಇನ್ನೊಂದು. ನೀನು ಒಪ್ಪಿದ್ದೀ ಎಂದು ಶಾಲೆಯವರಿಗೆ ಸಂಕ್ರಾಂತಿಗೇ ಹೇಳಿಬಿಟ್ಟಿದ್ದೇನೆ. ಸೋಮವಾರದಿಂದ ಹನ್ನೊಂದು ಹುಡುಗಿಯರು ಪಾಟಿ ಹಿಡಿದು ಬಂದು ಕೂತಿದ್ದಾರೆ.