ಕಣ್ಣು ಬಿಡದ ಹೂವಿನ ಫೋಟೋ

ಪ್ರೀತಿಯ ಅಕ್ಕ,

ಹೂವಿನ ಫೋಟೋ ತೆಗೆಯಲೆಂದು ಕಾಮೀಸ್ಕ್ರೂನ್ ಎಂಬ ಈ ಊರಿಗೆ ಬಂದವಳಿಗೆ ಹೊಟ್ಟೆಯುರಿಯೇ ಗತಿಯಾಯಿತು. ಎಳೆಬಿಸಿಲು ಸಿಗಲೆಂದು ನಸುಕಿನಲ್ಲೇ ಎದ್ದು, ಹೊಸ ಲೆನ್ಸ್ ಹಾಕಿಕೊಂಡು ಬಯಲಿಗೆ ಹೋದೆ. ಇಲ್ಲಿಯ ಡೈಸಿ ಹೂಗಳು ಬಿಸಿಲೇರುವ ತನಕ ಕಣ್ಣೇ ಬಿಡುವುದಿಲ್ಲವಂತೆ! ನಾನು ಮುಖ ಊದಿಸಿಕೊಂಡು ಕೂತರೆ, ಚಿಕ್ಕಮ್ಮನ ಮಗಳು ಡೆಲ್ಮರಿ, ನಾನೇ ಕೊಟ್ಟ ಹಳೇ ಫೋನ್ ಹಿಡಿದು, ಮುಚ್ಚಿದ ಹೂವೊಂದರ ಮುಂದೆ ಬೋರಲು ಮಲಗಿದಳು. ಹೂವಿನೊಳಗೆ ಜೀರುಂಡೆಯೊಂದು ನಿದ್ದೆ ಹೊಡೆಯುತ್ತಿತ್ತು; ಹಿಂಗಾಲುಗಳಷ್ಟೇ ಹೊರಗೆ.

"ಏ ಲೆಟ್ಟಿ, ಗಾಳಿಗೆ ಅಲ್ಲಾಡ್ತಿದೆ ಕಣೇ, ಆ ದಂಟು ಸ್ವಲ್ಪ ಹಿಡ್ಕೋ. ಹೇಗೂ ನಿಂಗೇನೂ ಕೆಲಸ ಇಲ್ವಲ್ಲ!" ಎಂದಳು. ಹಿಡಿದುಕೊಂಡೆ.

ನಾವಿಳಿದಿರುವ ಮನೆಯೊಡತಿ ಆ ಚಿತ್ರವನ್ನು ಪೋಸ್ಟ್‌ಕಾರ್ಡುಗಳ ಮೇಲೆ ಅಚ್ಚು ಹಾಕಿಸಿ ಊಟದ ಮೇಜಿನ ತುಂಬ ಹರಡಿದ್ದಾಳೆ. "ಎಂಥ ಕಣ್ಣಮ್ಮಾ ನಿಂದು!" ಎಂದು ಬಂದವರೆಲ್ಲ ಡೆಲ್ಮರಿಗೆ ಹೇಳುವುದೇ ಹೇಳುವುದು. ಅವಳ ನಡಿಗೆಯೇ ಬದಲಾಗಿದೆ.

ನನ್ನ ಮೊಣಕಾಲು ನೋವು ಹಾಗೇ ಇದೆ. ನೀನು ಕೊಟ್ಟ ಮುಲಾಮು ಮುಗಿಯಿತು. ಇಲ್ಲಿ ಬೇರೆ ಕಾರ್ಡ್ ಸಿಗಲಿಲ್ಲ, ಅದಕ್ಕೇ ಅವಳ ಚಿತ್ರದ ಹಿಂದೆಯೇ ಬರೆಯುತ್ತಿದ್ದೇನೆ. ತಿರುಗಿಸಿ ನೋಡು, ಎಡಗಡೆ ದಂಟು ಹಿಡಿದಿರುವ ಹೆಬ್ಬೆರಳು ನನ್ನದು. ಅಮ್ಮನಿಗೆ ಮೊದಲು ಅದನ್ನೇ ತೋರಿಸು.

ನಿನ್ನ ಲೆಟ್ಟಿ